ಜಹೀರಾಬಾದ್ ಸೀಮೆಗೆ ಬಾಡಿಗೆ ಕಾರು, ಊರು ಬಲ್ಲ ಡ್ರೈವರ್

ನಾರಾಯಣಖೇಡ, ಜಹೀರಾಬಾದ್, ತಾಂಡೂರು. ನಕ್ಷೆ ತೆಗೆದು ನೋಡಿದರೆ ಮೂರೂ ಊರು ಉತ್ತರದಿಂದ ದಕ್ಷಿಣಕ್ಕೆ ಹೆಚ್ಚುಕಡಿಮೆ ಒಂದೇ ಗೆರೆಯಲ್ಲಿವೆ. ಗೆರೆಯ ಪಶ್ಚಿಮಕ್ಕೆ ನಮ್ಮ ಬೀದರ್ ಮತ್ತು ಕಲಬುರಗಿ ಜಿಲ್ಲೆಗಳು, ಪೂರ್ವಕ್ಕೆ ಹೈದರಾಬಾದ್. ಮೂರೂ ಕಡೆ ತೆಲಂಗಾಣ ಸಾರಿಗೆ ಸಂಸ್ಥೆಯ ಡಿಪೋಗಳಿವೆ, ಬಸ್ಸಿಗೆ ಕೊರತೆಯಿಲ್ಲ. ಆದರೆ ದೊಡ್ಡ ದಾರಿಗಳೆಲ್ಲ ಹೈದರಾಬಾದಿನ ಕಡೆಗೇ ಮುಖ ಮಾಡಿವೆ. ಜಹೀರಾಬಾದಿನ ಮೇಲೆ ಹಾಯುವ ರಾಷ್ಟ್ರೀಯ ಹೆದ್ದಾರಿ 65 ಪುಣೆಯಿಂದ ಹೈದರಾಬಾದಿಗೆ ಹೋಗುತ್ತದೆ. ತಾಂಡೂರಿನ ರೈಲು ವಾಡಿಯಿಂದ ಸಿಕಂದರಾಬಾದಿಗೆ, ಜಹೀರಾಬಾದಿನ ರೈಲು ಬೀದರಿನಿಂದ ವಿಕಾರಾಬಾದಿಗೆ. ಜಹೀರಾಬಾದಿನಿಂದ ತಾಂಡೂರಿಗೆ ರೈಲಿನಲ್ಲೇ ಹೋಗುತ್ತೇನೆ ಎಂದು ಹಟ ಹಿಡಿದರೆ ಮೊದಲು ವಿಕಾರಾಬಾದಿಗೆ ಹೋಗಿ, ಅಲ್ಲಿ ಗಾಡಿ ಬದಲಿಸಿ, ಮತ್ತೆ ಪಶ್ಚಿಮಕ್ಕೆ ಬರಬೇಕು. ನಾರಾಯಣಖೇಡಕ್ಕಂತೂ ರೈಲೇ ಇಲ್ಲ. ಗಡಿಗುಂಟ ಮೇಲಿನಿಂದ ಕೆಳಗೆ ಈ ಸೀಮೆಯನ್ನು ನೋಡಬೇಕೆಂದವರಿಗೆ ಉಳಿಯುವ ದಾರಿ ಒಂದೇ: ಬಾಡಿಗೆ ಕಾರು.

ನೋಡಬೇಕೆಂದವರು ಯಾರು ಎಂದು ಕೇಳಬಹುದು. ಮೊದಲಿಗರು ನಾವೇ. 1956ರ ನವೆಂಬರ್ 1ರವರೆಗೆ ಜಹೀರಾಬಾದ್ ಮತ್ತು ನಾರಾಯಣಖೇಡ ಬೀದರ್ ಜಿಲ್ಲೆಯ ತಾಲ್ಲೂಕುಗಳಾಗಿದ್ದವು, ತಾಂಡೂರು ಗುಲ್ಬರ್ಗಾ ಜಿಲ್ಲೆಯ ತಾಲ್ಲೂಕಾಗಿತ್ತು. ರಾಜ್ಯ ಪುನರ್ವಿಂಗಡಣೆಯಲ್ಲಿ ಇವು ಆಂಧ್ರಪ್ರದೇಶಕ್ಕೆ ಸೇರಿದವು. ಬೀದರ್ ತಾಲ್ಲೂಕಿನದೇ ನ್ಯಾಲಕಲ್ ಕಂದಾಯ ಸರ್ಕಲ್ ಆ ಕಡೆ ಹೋಯಿತು. ಜಹೀರಾಬಾದ್ ತಾಲ್ಲೂಕಿನ ನಿರ್ಣಾ ಸರ್ಕಲ್ ಈ ಕಡೆ ಉಳಿಯಿತು. ಈಗ ಜಹೀರಾಬಾದ್, ನಾರಾಯಣಖೇಡ ಸಂಗಾರೆಡ್ಡಿ ಜಿಲ್ಲೆಯಲ್ಲಿವೆ, ತಾಂಡೂರು ವಿಕಾರಾಬಾದ್ ಜಿಲ್ಲೆಯಲ್ಲಿದೆ. ಜಿಲ್ಲೆಯ ಹೆಸರು ಬದಲಾದರೂ ಬೀಗತನ ಬದಲಾಗಲಿಲ್ಲ. ಮದುವೆ, ಜಾತ್ರೆ, ಹರಕೆ, ಹೊಲದ ವ್ಯವಹಾರ ಎಲ್ಲ ಗಡಿ ದಾಟಿಯೇ ನಡೆಯುತ್ತದೆ. ಗಡಿಹಳ್ಳಿಗಳಲ್ಲಿ ಇವತ್ತಿಗೂ ಕನ್ನಡ ಮನೆಮಾತಾಗಿ ಉಳಿದಿದೆ.

ಈ ಅಂಕಣಕ್ಕೆ ಎಳೆ ಸಿಕ್ಕಿದ್ದು ದೂರದ ಸ್ಕಾಟ್ಲೆಂಡಿನಿಂದ. ಅಲ್ಲಿನ ಹಳ್ಳಿಗಾಡಿನಲ್ಲಿ ಒಂದು ಉದ್ಯೋಗ ಗಟ್ಟಿಯಾಗಿ ಬೇರೂರಿದೆ: ಗಾಲ್ಫ್ ಆಡಲು, ವಿಸ್ಕಿ ಭಟ್ಟಿಗಳನ್ನು ನೋಡಲು ಬರುವವರನ್ನು ಕಾರಿನಲ್ಲೋ ಸಣ್ಣ ವ್ಯಾನಿನಲ್ಲೋ ದಿನಗಟ್ಟಲೆ ಸುತ್ತಿಸುವ ಡ್ರೈವರ್ ಕೆಲಸ. ಸ್ಪೇ ನದಿಯ ಕಣಿವೆಯೊಂದರಲ್ಲೇ ಐವತ್ತರ ಸುಮಾರು ಭಟ್ಟಿಗಳಿವೆ. ಅವು ಇರುವುದು ಬಸ್ಸು ವಿರಳವಾದ ಹಳ್ಳಿಗಳಲ್ಲಿ. ಬಂದವರು ರುಚಿ ನೋಡಲೆಂದೇ ಬರುತ್ತಾರೆ, ರುಚಿ ನೋಡಿದವರು ಸ್ಟಿಯರಿಂಗ್ ಹಿಡಿಯುವಂತಿಲ್ಲ. 2014ರ ಡಿಸೆಂಬರ್ 5ರಂದು ಸ್ಕಾಟ್ಲೆಂಡ್ ತನ್ನ ಕಾನೂನು ಬಿಗಿ ಮಾಡಿತು. ಚಾಲಕನ 100 ಮಿಲಿಲೀಟರ್ ರಕ್ತದಲ್ಲಿ 80 ಮಿಲಿಗ್ರಾಂವರೆಗೆ ಆಲ್ಕೋಹಾಲ್ ಇರಬಹುದೆಂಬ ಮಿತಿಯನ್ನು 50ಕ್ಕೆ ಇಳಿಸಿತು. ಇಂಗ್ಲೆಂಡಿನಲ್ಲಿ ಆಗ ಹಳೆಯ 80ರ ಮಿತಿಯೇ ಉಳಿಯಿತು. ಹೀಗಾಗಿ ಕುಡಿಯದೆ ಗಾಡಿ ಓಡಿಸುವವನಿಗೆ ಅಲ್ಲಿ ಬೆಲೆ ಹೆಚ್ಚು. ಹಲವು ಭಟ್ಟಿಗಳು ಚಾಲಕನ ಪಾಲಿನ ರುಚಿಯನ್ನು ಪುಟ್ಟ ಸೀಸೆಯಲ್ಲಿ ಕಟ್ಟಿಕೊಡುತ್ತವೆ, ಅವನು ಮನೆಗೆ ಹೋದ ಮೇಲೆ ಕುಡಿಯಲಿ ಎಂದು.

ಆದರೆ ಅಲ್ಲಿನ ಡ್ರೈವರನ ನಿಜವಾದ ಬಂಡವಾಳ ಅವನ ತಿಳಿವಳಿಕೆ. ಸೇಂಟ್ ಆಂಡ್ರೂಸ್ ಊರಿನ ಹಳೆಯ ಗಾಲ್ಫ್ ಮೈದಾನದಲ್ಲಿ ಸಾಮಾನ್ಯವಾಗಿ ಭಾನುವಾರ ಆಟವಿಲ್ಲ. ಆ ದಿನ ಊರ ಜನ ಅಲ್ಲಿ ನಾಯಿ ಹಿಡಿದು ಅಡ್ಡಾಡುತ್ತಾರೆ. ಇದು ಗೊತ್ತಿಲ್ಲದೆ ಸಮುದ್ರ ದಾಟಿ ಬಂದವನ ಒಂದು ದಿನ ಹಾಳಾಗುತ್ತದೆ. ಗೊತ್ತಿರುವ ಡ್ರೈವರ್ ಶನಿವಾರವೇ ಹೇಳಿ ಕಾರ್ಯಕ್ರಮ ತಿರುಗಿಸುತ್ತಾನೆ. ಯಾವ ಭಟ್ಟಿಗೆ ಮುಂಚೆಯೇ ಹೇಳಿ ಹೋಗಬೇಕು, ಒಂದೇ ಗಾಡಿ ಹಿಡಿಸುವ ಕಿರುದಾರಿಯಲ್ಲಿ ಎದುರಿನವನಿಗೆ ಎಲ್ಲಿ ಜಾಗ ಬಿಡಬೇಕು, ಮಳೆ ಹಿಡಿದರೆ ಎಲ್ಲಿ ಕೂರಿಸಬೇಕು, ಎಲ್ಲವೂ ಅವನಿಗೆ ಗೊತ್ತು. ಅವನು ಆ ಸೀಮೆಯ ಆತಿಥೇಯ, ಅದಕ್ಕೆ ತಕ್ಕ ಸಂಬಳ ಕೇಳುತ್ತಾನೆ, ಸಿಗುತ್ತದೆ ಕೂಡ.

ನಮ್ಮ ಗಡಿಯಲ್ಲೂ ಅಂಥ ಡ್ರೈವರುಗಳಿದ್ದಾರೆ. ಅವರ ತಿಳಿವಳಿಕೆಗೆ ಕಾಸು ಕೊಡುವ ಪದ್ಧತಿ ಮಾತ್ರ ನಮ್ಮಲ್ಲಿ ಬೆಳೆದಿಲ್ಲ. ನನ್ನ ವಾದ ಇಷ್ಟೇ.

ಒಂದು ದಿನದ ಸುತ್ತನ್ನೇ ತೆಗೆದುಕೊಳ್ಳಿ. ಬೀದರಿನಿಂದ ಅಥವಾ ಜಹೀರಾಬಾದಿನಿಂದ ಹೊರಟವರು ಮೊದಲು ಹೋಗುವುದು ಝರಾಸಂಗಮದ ಕೇತಕಿ ಸಂಗಮೇಶ್ವರನ ಗುಡಿಗೆ. ಶಿವನಿಗೆ ಕೇದಿಗೆ ಹೂ ಏರಿಸಬಾರದೆಂಬುದು ಎಲ್ಲೆಡೆಯ ರೂಢಿ. ಬ್ರಹ್ಮನ ಪರವಾಗಿ ಸುಳ್ಳು ಸಾಕ್ಷಿ ಹೇಳಿ ಶಾಪಕ್ಕೆ ಗುರಿಯಾದ ಹೂ ಎಂದು ಪುರಾಣ ಹೇಳುತ್ತದೆ. ಇಲ್ಲಿ ಅದೇ ಕೇದಿಗೆ ದೇವರ ಹೆಸರಿನಲ್ಲೇ ಕೂತಿದೆ, ಪೂಜೆಗೂ ಸಲ್ಲುತ್ತದೆ. ಬೀದರ್, ಕಲಬುರಗಿ ಕಡೆಯ ಅದೆಷ್ಟೋ ಮನೆಗಳಿಗೆ ಇದು ಮನೆದೇವರು. ಶಿವರಾತ್ರಿಗೆ, ಶ್ರಾವಣ ಸೋಮವಾರಗಳಿಗೆ ಗುಡಿಯ ಅಂಗಳದಲ್ಲಿ ಕನ್ನಡ, ತೆಲುಗು, ಮರಾಠಿ ಮೂರೂ ಕೇಳುತ್ತವೆ.

ಆ ದಾರಿಯಲ್ಲಿ ನಮ್ಮನ್ನು ಕರೆದೊಯ್ದ ಡ್ರೈವರ್ ಹಿಂದಿನ ರಾತ್ರಿಯೇ ಫೋನ್ ಮಾಡಿ ಹೇಳಿದ್ದ: “ಸರ, ಮುಂಜಾನಿ ಲಗೂನ ಹೊಂಟ್ ಬಿಡಮರಿ. ಹತ್ತು ಹೊಡದ ಮ್ಯಾಗ ಕುಂಡದ ಬಾಜೂಕ ನಿಂದರ್ಲಾಕ ಜಾಗಾ ಸಿಗಲ್ಲ. ಅಮ್ಮೋರಿಗಿ ಮೊಣಕಾಲು ನೋವದ ಅಂತೀರಿ, ಗಾಡಿ ಹಿಂದಿನ ಬಾಗಲಕ ಹಚ್ತೀನಿ.” ಗುಡಿಯ ಮುಂದೆ ಕಾರು ನಿಂತದ್ದೇ ತಡ, ಕಾಯಿ ಮಾರುವವಳೊಂದಿಗೆ ತೆಲುಗಿನಲ್ಲಿ ಮಾತು, ಪಾರ್ಕಿಂಗ್ ಚೀಟಿಯವನೊಂದಿಗೆ ದಖ್ಖನಿ ಉರ್ದು, ಹಿಂದಿನ ಸೀಟಿನ ಅಜ್ಜಿಗೆ ಬೀದರಿನ ಕನ್ನಡ. ಯಾವ ಭಾಷೆಯನ್ನೂ ಅವನು ಶಾಲೆಯಲ್ಲಿ ಕಲಿತದ್ದಲ್ಲ. ಇಂಥ ಒಬ್ಬ ಮನುಷ್ಯನನ್ನು ನಾವು ಬರೀ ಕಿಲೋಮೀಟರ್ ಲೆಕ್ಕದಲ್ಲಿ ಅಳೆಯುತ್ತಿದ್ದೇವೆ.

ಝರಾಸಂಗಮದ ಸುತ್ತಲಿನ ಹಳ್ಳಿಗಳಿಗೆ ಇನ್ನೊಂದು ದೊಡ್ಡ ಹೆಸರಿದೆ. 1983ರಲ್ಲಿ ಶುರುವಾದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ನೆಲೆ ಜಹೀರಾಬಾದಿನ ಪಕ್ಕದ ಪಸ್ತಾಪುರ. ಅದನ್ನು ಕಟ್ಟಿದವರಲ್ಲಿ ಮುಖ್ಯರಾದ ಪಿ.ವಿ. ಸತೀಶ್ ನಮ್ಮ ಮೈಸೂರಿನವರು. ದೂರದರ್ಶನದ ಕೆಲಸ ಬಿಟ್ಟು ಇಲ್ಲಿಗೆ ಬಂದರು, 2023ರ ಮಾರ್ಚ್‌ನಲ್ಲಿ ತೀರಿಕೊಳ್ಳುವವರೆಗೂ ಈ ಹಳ್ಳಿಗಳ ಜೊತೆಗೇ ಇದ್ದರು. ಇಲ್ಲಿನ ದಲಿತ ಹೆಣ್ಣುಮಕ್ಕಳ ಸಂಘಗಳು ಪಾಳುಬಿದ್ದ ಕೆಂಪುಮಣ್ಣಿನ ಹೊಲಗಳನ್ನು ಮತ್ತೆ ಉಳುಮೆಗೆ ತಂದವು. ನವಣೆ, ಸಾಮೆ, ಸಜ್ಜೆ, ಜೋಳಗಳ ಹತ್ತಾರು ನಾಟಿ ತಳಿಗಳನ್ನು ಮನೆಯಲ್ಲೇ ಕಾಪಿಟ್ಟವು. 2008ರ ಅಕ್ಟೋಬರ್ 15ರಂದು ಮಾಚನೂರಿನಲ್ಲಿ ಅವರದೇ ಸಂಘಂ ರೇಡಿಯೋ ಶುರುವಾಯಿತು, ದಲಿತ ಮಹಿಳೆಯರೇ ನಡೆಸುವ ಸಮುದಾಯ ಬಾನುಲಿ. 2019ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಈ ಸಂಸ್ಥೆಗೆ ಬಂತು.

ಸಂಕ್ರಾಂತಿಯ ಹೊತ್ತಿಗೆ ಇಲ್ಲಿ ಹಳೆಯ ಬೆಳೆಗಳ ಜಾತ್ರೆ ನಡೆಯುತ್ತದೆ, ತೆಲುಗಿನಲ್ಲಿ ಪಾತ ಪಂಟಲ ಜಾತರ. ಸಿಂಗರಿಸಿದ ಎತ್ತಿನ ಗಾಡಿಗಳಲ್ಲಿ ಬೀಜ ತುಂಬಿದ ಗಡಿಗೆಗಳನ್ನಿಟ್ಟು ಊರಿಂದೂರಿಗೆ ಮೆರವಣಿಗೆ ಹೊರಡುತ್ತಾರೆ. ಇವತ್ತು ಯಾವ ಊರಲ್ಲಿ ಗಾಡಿಗಳು ನಿಂತಿವೆ ಎಂಬುದನ್ನು ಮೊಬೈಲಿನ ನಕ್ಷೆ ಹೇಳುವುದಿಲ್ಲ. ಆ ಊರಿನ ಅಳಿಯನೋ ಮಗನೋ ಆದ ಡ್ರೈವರ್ ಹೇಳುತ್ತಾನೆ. ಇನ್ನೊಂದು ಮಾತನ್ನೂ ಅವನೇ ಹೇಳಬೇಕು: ಕಾರು ನಿಲ್ಲಿಸಿ ಸೀದಾ ಹೊಲಕ್ಕೆ ನುಗ್ಗಿ ಫೋಟೋ ಹಿಡಿಯಬಾರದು, ಬೀಜದ ಗಡಿಗೆಗೆ ಕೈ ಹಾಕುವ ಮೊದಲು ಮನೆಯೊಡತಿಯನ್ನು ಕೇಳಬೇಕು. ಪ್ರವಾಸಿಗೆ ಈ ಶಿಸ್ತು ಕಲಿಸುವವರಿಲ್ಲದೆ ಪ್ರವಾಸೋದ್ಯಮ ಬೆಳೆದರೆ ಹಳ್ಳಿಯವರಿಗೆ ಅದು ಕಾಟವಾಗುತ್ತದೆ.

ಜಹೀರಾಬಾದಿನ ಉತ್ತರಕ್ಕೆ, ಮಂಜೀರಾ ದಾಟಿದರೆ ನಾರಾಯಣಖೇಡ. ಬೀದರಿನ ಕಡೆಯಿಂದ ಬರುವ ಈ ಹೊಳೆಗೆ ಕೆಳಗೆ ಸಿಂಗೂರಿನಲ್ಲಿ ಅಣೆಕಟ್ಟು ಕಟ್ಟಿದ್ದಾರೆ, ಹೈದರಾಬಾದಿನ ಕುಡಿಯುವ ನೀರಿನಲ್ಲಿ ಅದರ ಪಾಲಿದೆ. ನಾರಾಯಣಖೇಡದ ಕಡೆ ಪ್ರವಾಸಿ ಫಲಕಗಳು ಕಡಿಮೆ, ಬಂಧುಗಳ ಮನೆಗಳು ಹೆಚ್ಚು. ಔರಾದ ಕಡೆಯಿಂದ ಮಗಳ ಮನೆಗೋ ಸೊಸೆಯ ತವರಿಗೋ ಹೋಗುವವರು ಒಂದು ದಿನಕ್ಕೆ ಗಾಡಿ ಗೊತ್ತು ಮಾಡಿ, ಉಡಿ ತುಂಬುವ ಸಾಮಾನು ಹೇರಿಕೊಂಡು, ರಾತ್ರಿ ಊಟ ಮುಗಿಸಿಯೇ ತಿರುಗುತ್ತಾರೆ. ನಮ್ಮ ಡ್ರೈವರುಗಳಿಗೆ ವರ್ಷವಿಡೀ ಅನ್ನ ಹಾಕುವುದು ಇಂಥ ಬಾಡಿಗೆಗಳೇ.

ದಕ್ಷಿಣಕ್ಕೆ ಹೊರಟರೆ ನೆಲವೇ ಬದಲಾಗುತ್ತದೆ. ಜಹೀರಾಬಾದ್, ಕೊಹೀರ್ ಸುತ್ತ ಕೆಂಪು ಜಂಬಿಟ್ಟಿಗೆ ಮಣ್ಣು. ಆಲೂಗಡ್ಡೆ, ಶುಂಠಿ, ಕಬ್ಬು, ಕೊಹೀರಿನ ಪೇರಲ. ತಾಂಡೂರು ಹತ್ತಿರವಾದಂತೆ ಕರಿಯೆರೆ, ಅದರಡಿ ಸುಣ್ಣಗಲ್ಲು. ಒಂದು ದಾರಿ ಹಿಡಿದರೆ ನಡುವೆ ಚಿಂಚೋಳಿ ತಾಲ್ಲೂಕಿನ ಕುಂಚಾವರಂ ಕಾಡಿನ ಸೆರಗು ಸಿಗುತ್ತದೆ. ಅಂದರೆ ತೆಲಂಗಾಣದ ಒಂದು ಊರಿನಿಂದ ತೆಲಂಗಾಣದ ಇನ್ನೊಂದು ಊರಿಗೆ ಹೋಗುವವನು ನಡುವೆ ಕರ್ನಾಟಕವನ್ನು ಹಾಯುತ್ತಾನೆ. ಈ ಸಂಗತಿ ಮುಂದೆ ಪರ್ಮಿಟ್ಟಿನ ಮಾತು ಬಂದಾಗ ನೆನಪಿರಲಿ.

ತಾಂಡೂರಿನಲ್ಲಿ ನೋಡಬೇಕಾದದ್ದು ಫರಸಿ ಕಲ್ಲಿನ ಖಣಿ. ಕರ್ನಾಟಕದ ಎಷ್ಟೋ ಮನೆಗಳ ಅಡುಗೆಕಟ್ಟೆ, ಅಂಗಳ, ಕಪಾಟಿನ ಹಲಗೆಗಳಿಗೆ ಬಂದದ್ದು ಶಹಾಬಾದ್, ತಾಂಡೂರು ಕಡೆಯ ಈ ಕಲ್ಲು. ಭೀಮಾ ಕಣಿವೆಯ ಈ ಸುಣ್ಣಗಲ್ಲು ಕೋಟ್ಯಂತರ ವರ್ಷಗಳ ಹಿಂದೆ ನೀರಡಿಯಲ್ಲಿ ಪದರ ಪದರವಾಗಿ ಕೂತದ್ದು, ಹಾಗಾಗಿ ಪದರವಾಗಿಯೇ ಏಳುತ್ತದೆ. ಖಣಿಯೊಳಗೆ ಇಳಿದು ನೋಡಿದರೆ ಕೆಲಸಗಾರ ಕಲ್ಲಿನ ಅಂಚಿನಲ್ಲಿ ಸಂದು ಹುಡುಕಿ ಉಳಿ ಇಡುತ್ತಾನೆ, ಸುತ್ತಿಗೆಯಿಂದ ಸಾಲಾಗಿ ಸಣ್ಣ ಪೆಟ್ಟು ಕೊಡುತ್ತ ಹೋಗುತ್ತಾನೆ, ಕೊನೆಗೆ ಹಾರೆ ತೂರಿಸಿ ಮೀಟುತ್ತಾನೆ. ಇಡೀ ಹಾಸುಗಲ್ಲು ನೆಲದಿಂದ ಸಡಿಲವಾಗಿ ಏಳುತ್ತದೆ. ಬೆರಳ ಗಿಣ್ಣಿನಿಂದ ತಟ್ಟಿ ನೋಡುತ್ತಾರೆ. ಖಣಖಣ ಎಂದರೆ ಒಳಗೆ ಬಿರುಕಿಲ್ಲ. ನೀಲಿಯದು ಬೇರೆ ರಾಶಿ, ಹಳದಿಯದು ಬೇರೆ ರಾಶಿ. ರಸ್ತೆಯ ಎರಡೂ ಬದಿಗೆ ಪಾಲಿಶ್ ಕಾರ್ಖಾನೆಗಳ ಮುಂದೆ ಕಲ್ಲುಗಳನ್ನು ಅಂಚಿನ ಮೇಲೆ ನಿಲ್ಲಿಸಿರುತ್ತಾರೆ, ಕಾರಿನ ಗಾಜಿನ ಮೇಲೆ ಬಿಳಿ ದೂಳು ಕೂರುತ್ತದೆ. ಯಾವ ಖಣಿಯಲ್ಲಿ ಮೇಸ್ತ್ರಿಯನ್ನು ಕೇಳಿ ಒಳಗೆ ಇಳಿಯಬಹುದು, ಎಲ್ಲಿ ಅಂಚು ಸಡಿಲ, ಎಷ್ಟು ಹೊತ್ತಿಗೆ ಸಿಡಿಮದ್ದಿನ ಕೆಲಸ ಎಂಬುದು ಊರವನಿಗೆ ಮಾತ್ರ ಗೊತ್ತಿರುವ ವಿಷಯ. ಇಲ್ಲಿ ತಿಳಿವಳಿಕೆ ಜೀವ ಉಳಿಸುತ್ತದೆ.

ಇದೇ ತಾಂಡೂರಿನ ತೊಗರಿಗೆ 2022ರ ಡಿಸೆಂಬರ್‌ನಲ್ಲಿ ಭೌಗೋಳಿಕ ಸೂಚಿ ಸಿಕ್ಕಿತು. ಪಕ್ಕದ ಕಲಬುರಗಿ ತೊಗರಿಗೆ 2019ರಲ್ಲೇ ಸಿಕ್ಕಿತ್ತು. ತಾಂಡೂರಿನ ಕರಿಮಣ್ಣಿನಲ್ಲಿರುವ ಅಟಪಲ್ಗೈಟ್ ಎಂಬ ಜೇಡಿ ಖನಿಜ ಮತ್ತು ಅಡಿಯ ಸುಣ್ಣಗಲ್ಲು ಬೇಳೆಯ ರುಚಿಗೆ ಕಾರಣ ಎನ್ನುತ್ತಾರೆ. ಊರ ಬಳಿ ಹರಿಯುವ ಕಾಗಿಣಾ ನದಿ ಮುಂದೆ ಸೇಡಂ ಸೀಮೆ ಹಾಯ್ದು ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದ ಕೋಟೆಯನ್ನು ತಾಗಿ ಭೀಮೆಗೆ ಸೇರುತ್ತದೆ. ಸ್ಕಾಟ್ಲೆಂಡಿನವರು ತಮ್ಮ ವಿಸ್ಕಿಯಲ್ಲಿ ಒಂದು ಕಣಿವೆಯ ನೀರಿನ, ಇನ್ನೊಂದು ದ್ವೀಪದ ಹೊಗೆಯ ರುಚಿ ಇದೆ ಎಂದು ಹೇಳಿ ಜನರನ್ನು ಕರೆಯುತ್ತಾರೆ. ಹೇಳಲು ನಮ್ಮಲ್ಲೂ ಅಷ್ಟೇ ಇದೆ: ಉತ್ತರದಿಂದ ದಕ್ಷಿಣಕ್ಕೆ ನೂರು ಕಿಲೋಮೀಟರ್ ಆಸುಪಾಸಿನಲ್ಲಿ ಬಗೆಬಗೆಯ ಮಣ್ಣು, ಬಗೆಬಗೆಯ ಊಟ, ಒಂದು ಹೊಳೆ, ಒಂದು ಕಾಡು, ಕನ್ನಡದ ಆದಿಕಾಲಕ್ಕೆ ಒಯ್ಯುವ ಒಂದು ನದಿ.

ಇನ್ನು ಕಾಗದಪತ್ರದ ಮಾತು. ಬಾಡಿಗೆಗೆ ಓಡುವ ಕಾರಿಗೆ ಹಳದಿ ಬೋರ್ಡು, ಕಪ್ಪು ಅಕ್ಷರ ಇರಬೇಕು. ಮೋಟಾರು ವಾಹನ ಕಾಯ್ದೆಯ 66ನೇ ಕಲಂ ಪ್ರಕಾರ ಪರ್ಮಿಟ್ ಇರಬೇಕು. ಪರ್ಮಿಟ್ ಇಲ್ಲದೆ ಓಡಿಸಿ ಸಿಕ್ಕಿಬಿದ್ದರೆ 2019ರ ತಿದ್ದುಪಡಿಯ ನಂತರ ದಂಡ 10,000 ರೂಪಾಯಿ, ಜೊತೆಗೆ ಜೈಲಿನ ಅವಕಾಶವೂ ಇದೆ. ಆದರೂ ನಮ್ಮ ಊರುಗಳಲ್ಲಿ ಬಿಳಿ ಬೋರ್ಡಿನ ಖಾಸಗಿ ಕಾರುಗಳು ಬಾಡಿಗೆಗೆ ಓಡುತ್ತಲೇ ಇವೆ. ಪರಿಚಯದವರ ಗಾಡಿ, ನಾಲ್ಕು ಕಾಸು ಕಡಿಮೆ ಎಂದು ನಾವು ಹತ್ತುತ್ತೇವೆ. ಖಾಸಗಿ ಕಾರಿನ ವಿಮೆಯಲ್ಲಿ ಬಾಡಿಗೆಗೆ ಓಡಿಸಬಾರದೆಂಬ ಷರತ್ತು ಇರುತ್ತದೆ. ಅಪಘಾತವಾದ ದಿನ ವಿಮಾ ಕಂಪನಿ ಮೊದಲು ತೋರಿಸುವುದು ಆ ಸಾಲನ್ನೇ. ಮಾಲೀಕ, ಡ್ರೈವರ್, ಪ್ರಯಾಣಿಕ ಮೂವರ ಮನೆಯೂ ಕೋರ್ಟು ಅಲೆಯಬೇಕಾಗುತ್ತದೆ. ಕಡಿಮೆಗೆ ಸಿಕ್ಕಿತೆಂದು ಬಿಳಿ ಬೋರ್ಡು ಹತ್ತಬೇಡಿ ಎಂದು ಕೈಮುಗಿದು ಕೇಳುತ್ತೇನೆ.

ಡ್ರೈವಿಂಗ್ ಲೈಸೆನ್ಸಿನ ಗೊಂದಲ ಈಗ ತಿಳಿಯಾಗಿದೆ. ಲಘು ವಾಹನದ ಲೈಸೆನ್ಸ್ ಇರುವವರು 7,500 ಕಿಲೋದೊಳಗಿನ ಸಾರಿಗೆ ವಾಹನವನ್ನೂ ಓಡಿಸಬಹುದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್‌ನಲ್ಲಿ ಹೇಳಿತು. ತೊಡಕು ಇರುವುದು ಗಡಿಯದು. ಕೆಎ 38 ಬೀದರಿನ ಗಾಡಿ, ಕೆಎ 32 ಕಲಬುರಗಿಯದು, ಟಿಜಿ 15 ಸಂಗಾರೆಡ್ಡಿಯದು, ಟಿಜಿ 34 ವಿಕಾರಾಬಾದಿನದು. ನಾಲ್ಕೂ ಒಂದೇ ಹೋಟೆಲಿನ ಮುಂದೆ ನಿಂತಿರುತ್ತವೆ. ಒಂದೇ ರಾಜ್ಯದ ಪರ್ಮಿಟ್ ಇರುವ ಗಾಡಿ ಆಚೆ ಹೋಗಬೇಕಾದರೆ ಪ್ರತಿ ಸಲ ತಾತ್ಕಾಲಿಕ ಪರ್ಮಿಟ್ ತೆಗೆಯಬೇಕು, ತೆರಿಗೆ ಕಟ್ಟಬೇಕು. ಇದನ್ನು ಸರಳ ಮಾಡಲೆಂದೇ ಕೇಂದ್ರ ಸರ್ಕಾರ 2021ರಲ್ಲಿ ಒಂದು ನಿಯಮಾವಳಿ ತಂದು, ಆಮೇಲೆ ಅದರ ಬದಲಿಗೆ ಅಖಿಲ ಭಾರತ ಪ್ರವಾಸಿ ವಾಹನ ಪರ್ಮಿಟ್ ನಿಯಮಗಳನ್ನು 2023ರ ಮೇ 1ರಿಂದ ಜಾರಿಗೆ ತಂದಿತು. ಆನ್‌ಲೈನಿನಲ್ಲಿ ಒಮ್ಮೆ ಶುಲ್ಕ ಕಟ್ಟಿ ದೇಶವೆಲ್ಲ ಓಡಾಡುವ ಅವಕಾಶ ಅದು. ಹತ್ತು ಗಾಡಿ ಇಟ್ಟುಕೊಂಡ ಹೈದರಾಬಾದಿನ ಟ್ರಾವೆಲ್ಸಿಗೆ ಅದು ಒಳ್ಳೆಯದೇ. ಒಂದೇ ಡಿಜೈರ್ ಕಾರು ಇಟ್ಟುಕೊಂಡು ದಿನವಿಡೀ ಮೂವತ್ತು ಕಿಲೋಮೀಟರಿನ ಒಳಗೆ ಗಡಿ ದಾಟಿ ದಾಟಿ ಬದುಕುವ ಜಹೀರಾಬಾದಿನ ಹುಡುಗನಿಗೆ ದೇಶವೆಲ್ಲದರ ಪರ್ಮಿಟ್ ಬೇಡ, ಪಕ್ಕದ ಎರಡು ಜಿಲ್ಲೆಯದು ಸಾಕು. ಬೀದರ್, ಕಲಬುರಗಿ, ಸಂಗಾರೆಡ್ಡಿ, ವಿಕಾರಾಬಾದ್ ಈ ನಾಲ್ಕು ಜಿಲ್ಲೆಗಳಿಗೆ ಕಡಿಮೆ ಶುಲ್ಕದ ಒಂದು ಗಡಿ ಪರ್ಮಿಟ್ ಕೊಡಲು ಎರಡು ಸರ್ಕಾರಗಳು ಒಪ್ಪಂದ ಮಾಡಿಕೊಳ್ಳಬೇಕು. ಬಸ್ಸುಗಳಿಗೆ ಅಂತರರಾಜ್ಯ ಒಪ್ಪಂದ ಇದೆ, ಟ್ಯಾಕ್ಸಿಗೂ ಆಗಬೇಕು.

ಕುಡಿತದ ಮಾತನ್ನು ಬಿಡುವಂತಿಲ್ಲ. ನಮ್ಮ ಕಾಯ್ದೆಯ 185ನೇ ಕಲಂ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ ಮಿತಿ ಹಾಕಿದೆ, ಸ್ಕಾಟ್ಲೆಂಡಿಗಿಂತ ಬಿಗಿ. ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಹೆದ್ದಾರಿಯ ಧಾಬಾದಲ್ಲಿ ಗಿರಾಕಿಗಳು ಕೂತಾಗ “ನೀನೂ ಒಂದು ಹಾಕೋ” ಎಂದು ಡ್ರೈವರಿಗೆ ಒತ್ತಾಯ ಮಾಡುವವರಿದ್ದಾರೆ. ಅದನ್ನು ಆತ್ಮೀಯತೆ ಎಂದು ತಿಳಿಯುತ್ತಾರೆ. ಅವನಿಗೆ ಅದು ಜೀವನೋಪಾಯದ ಪ್ರಶ್ನೆ. ಇನ್ನೊಂದು ಅಪಾಯ ಬಾಟಲಿ ಸಾಗಿಸುವುದು. ಎರಡು ರಾಜ್ಯಗಳಲ್ಲಿ ಮದ್ಯದ ದರ ಬೇರೆ ಬೇರೆಯಾದ್ದರಿಂದ ಕಡಿಮೆ ಇರುವ ಕಡೆ ಕೊಂಡು ಡಿಕ್ಕಿಯಲ್ಲಿ ಹಾಕಿಕೊಳ್ಳುವ ಚಪಲ ಗಿರಾಕಿಯದು. ತೆರಿಗೆ ತಪ್ಪಿಸಿ ಗಡಿ ದಾಟಿಸಿದ ಮದ್ಯ ಸಿಕ್ಕರೆ ಅಬಕಾರಿಯವರಿಗೆ ವಾಹನವನ್ನೇ ಜಪ್ತಿ ಮಾಡುವ ಅಧಿಕಾರವಿದೆ. ಗಿರಾಕಿ ದಂಡ ಕಟ್ಟಿ ಬಸ್ಸು ಹತ್ತುತ್ತಾನೆ. ಬ್ಯಾಂಕಿನ ಕಂತು ಉಳಿದಿರುವ ಗಾಡಿ ಸ್ಟೇಷನ್ನಿನ ಅಂಗಳದಲ್ಲಿ ಬಿಸಿಲು ಕಾಯುತ್ತದೆ.

ದರದ ಜಗಳ ಎಲ್ಲ ಸ್ಟ್ಯಾಂಡಿನಲ್ಲೂ ಇದೆ. ಊರ ಹೊರಗಿನ ಬಾಡಿಗೆಗೆ ಕಿಲೋಮೀಟರಿಗೆ ಇಂತಿಷ್ಟು, ದಿನಕ್ಕೆ ಕನಿಷ್ಠ 250 ಅಥವಾ 300 ಕಿಲೋಮೀಟರ್, ಮೇಲೆ ಡ್ರೈವರ್ ಬತ್ತಾ, ಟೋಲು, ಪಾರ್ಕಿಂಗ್. ದೂರದ ತಿರುಪತಿಗೋ ಪಂಢರಪುರಕ್ಕೋ ಹೋಗುವವರಿಗೆ ಈ ಲೆಕ್ಕ ಸರಿಹೊಂದುತ್ತದೆ. ಝರಾಸಂಗಮ, ಪಸ್ತಾಪುರ, ತಾಂಡೂರು ನೋಡಿ ಬರುವವರ ಮೀಟರಿನಲ್ಲಿ ಅಷ್ಟು ದೂರ ಆಗಿರುವುದಿಲ್ಲ, ಬಿಲ್ಲಿನಲ್ಲಿ 300ರ ದುಡ್ಡು. ಗಿರಾಕಿಗೆ ಮೋಸವೆನಿಸುತ್ತದೆ. ಇತ್ತ ಡ್ರೈವರನ ದಿನವಿಡೀ ನಿಮಗೇ ಹೋಗಿದೆ, ಗಾಡಿಗೆ ಬೇರೆ ಬಾಡಿಗೆ ಬಂದಿಲ್ಲ. ಇಬ್ಬರದೂ ಸರಿ, ಲೆಕ್ಕದ ಪದ್ಧತಿ ತಪ್ಪು. ನಗರಗಳಲ್ಲಿ 8 ಗಂಟೆಗೆ 80 ಕಿಲೋಮೀಟರ್ ಎಂಬ ಪ್ಯಾಕೇಜ್ ಇದೆಯಲ್ಲ, ಅದೇ ಮಾದರಿಯಲ್ಲಿ ಇಲ್ಲಿ 10 ಗಂಟೆಗೆ 150 ಕಿಲೋಮೀಟರ್ ಎಂದು ಒಂದು ದರ ಗೊತ್ತು ಮಾಡಿ ಸ್ಟ್ಯಾಂಡಿನಲ್ಲಿ ಬೋರ್ಡು ಹಾಕಬೇಕು. ಕಾಯುವ ಹೊತ್ತಿಗೆ, ದಾರಿ ತೋರಿಸಿ ಊರು ವಿವರಿಸುವ ಕೆಲಸಕ್ಕೆ ಬೇರೆ ಕೂಲಿ ಇರಲಿ. ನಿಧಾನವಾಗಿ ನೋಡುವ ಪ್ರವಾಸ ಆಗಲೇ ಡ್ರೈವರಿಗೆ ಲಾಭದ ಕೆಲಸವಾಗುತ್ತದೆ. ಈಗಂತೂ “ಬೇಗ ಮುಗಸ್ರಿ ಸರ” ಎನ್ನುವುದರಲ್ಲೇ ಅವನ ಲಾಭವಿದೆ.

ಈ ಮಾತಿಗೆ ಈಗ ತುರ್ತೂ ಇದೆ. ಕರ್ನಾಟಕದಲ್ಲಿ 2023ರ ಜೂನ್ 11ರಿಂದ ಶಕ್ತಿ, ತೆಲಂಗಾಣದಲ್ಲಿ ಅದೇ ವರ್ಷದ ಡಿಸೆಂಬರ್ 9ರಿಂದ ಮಹಾಲಕ್ಷ್ಮಿ. ಹೆಣ್ಣುಮಕ್ಕಳಿಗೆ ಬಸ್ಸು ಉಚಿತವಾಯಿತು. ಅದು ಆಗಬೇಕಾದ ಒಳ್ಳೆಯ ಕೆಲಸ, ಅದರ ಬಗ್ಗೆ ನನಗೆ ಎರಡು ಮಾತಿಲ್ಲ. ಆದರೆ ಹಳ್ಳಿಯಿಂದ ಪೇಟೆಗೆ ಸೀಟು ಲೆಕ್ಕದಲ್ಲಿ ಓಡುತ್ತಿದ್ದ ಆಟೋ, ಜೀಪಿನವರ ಗಿರಾಕಿ ಕಡಿಮೆಯಾದರು. ಅವರಲ್ಲಿ ಸಾಲ ಮಾಡಿ ಕಾರಿಗೆ ಬಡ್ತಿ ಪಡೆದವರಿಗೆ ಪ್ರವಾಸದ ಬಾಡಿಗೆಯೇ ಮುಂದಿನ ಆಸರೆ. ಜಹೀರಾಬಾದಿನಲ್ಲಿ ಮಹೀಂದ್ರಾದ ಟ್ರ್ಯಾಕ್ಟರ್ ಕಾರ್ಖಾನೆ ಇದೆ. 2024ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ 12 ಕೈಗಾರಿಕಾ ನಗರಗಳಲ್ಲಿ ಜಹೀರಾಬಾದ್ ಕೂಡ ಒಂದು. ಹೊರಗಿನ ಜನ ಬರುವುದು ಹೆಚ್ಚಲಿದೆ. ಅವರನ್ನು ಕರೆದೊಯ್ಯುವವರು ಹೈದರಾಬಾದಿನ ದೊಡ್ಡ ಕಂಪನಿಗಳೇ ಆಗಬೇಕೆ, ಊರ ಹುಡುಗರೂ ಆಗಬಾರದೆ?

ಕರ್ನಾಟಕದ ಪ್ರವಾಸೋದ್ಯಮ ಇಲಾಖೆ ಹಿಂದುಳಿದ ಸಮುದಾಯಗಳ ಯುವಕರಿಗೆ ಪ್ರವಾಸಿ ಟ್ಯಾಕ್ಸಿ ಕೊಳ್ಳಲು ಸಹಾಯಧನ ಕೊಡುತ್ತ ಬಂದಿದೆ. ಗಾಡಿ ಕೊಟ್ಟರೆ ಅರ್ಧ ಕೆಲಸ ಆಯಿತು. ಊರು ಹೇಳುವುದನ್ನು ಕಲಿಸುವುದು ಇನ್ನರ್ಧ. ಬೀದರ್ ಕೋಟೆ, 1472ರ ಮಹಮೂದ್ ಗವಾನ್ ಮದರಸಾ, ಅಷ್ಟೂರಿನ ಗೋರಿಗಳು, ಗುರುನಾನಕ್ ಝೀರಾ ನೋಡಲು ಬಂದವರು ಒಂದು ದಿನ ಹೆಚ್ಚು ನಿಂತರೆ ಈ ಗಡಿಗೆರೆಯನ್ನೂ ನೋಡಿ ಹೋಗಬಹುದು. ಅದಕ್ಕೆ ಡ್ರೈವರುಗಳಿಗೆ ಒಂದು ವಾರದ ತರಬೇತಿ ಸಾಕು. ಕಲಿಸುವವರನ್ನು ದೂರದಿಂದ ಕರೆಸಬೇಕಿಲ್ಲ. ಬೀಜದ ವಿಷಯವನ್ನು ಸಂಘದ ಅಮ್ಮಂದಿರು, ಕಲ್ಲಿನ ವಿಷಯವನ್ನು ಖಣಿಯ ಮೇಸ್ತ್ರಿ, ಕೋಟೆಯ ಕತೆಯನ್ನು ಬೀದರಿನ ಕಾಲೇಜು ಮೇಷ್ಟ್ರು ಹೇಳಿಕೊಡಲಿ. ಪ್ರಥಮ ಚಿಕಿತ್ಸೆಯ ಪಾಠವೊಂದು ಇರಲೇಬೇಕು. ಕೊನೆಗೆ ಒಂದು ಸರ್ಟಿಫಿಕೇಟು, ಕಾರಿನ ಗಾಜಿಗೆ ಗಡಿಯ ಎರಡೂ ಕಡೆಯ ಜಿಲ್ಲಾಡಳಿತಗಳ ಗುರುತು.

ನಿದ್ದೆಯ ಮಾತನ್ನು ಕೊನೆಗಿಟ್ಟದ್ದು ಅದೇ ಎಲ್ಲಕ್ಕಿಂತ ಮುಖ್ಯ ಎಂದು. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯೇ ದಿನಕ್ಕೆ 8 ಗಂಟೆ ಕೆಲಸ, 5 ಗಂಟೆಗೊಮ್ಮೆ ಅರ್ಧ ಗಂಟೆ ವಿರಾಮ ಎಂದು ಬರೆದಿತ್ತು. ಐದು ಜನಕ್ಕಿಂತ ಕಡಿಮೆ ಕೆಲಸಗಾರರಿರುವ ಕಡೆಗೆ ಅದು ಸಾಮಾನ್ಯವಾಗಿ ಮುಟ್ಟುತ್ತಿರಲಿಲ್ಲ, ಒಂಟಿ ಕಾರಿನ ಡ್ರೈವರ್ ಯಾವ ಲೆಕ್ಕಕ್ಕೂ ಸಿಗಲಿಲ್ಲ. ಗಿರಾಕಿಗಳು ಲಾಡ್ಜಿನಲ್ಲಿ ಮಲಗುತ್ತಾರೆ, ಅವನು ಸೀಟು ಹಿಂದಕ್ಕೆ ಬಾಗಿಸಿ, ಗಾಜು ಎರಡು ಬೆರಳು ಇಳಿಸಿ, ಸೊಳ್ಳೆಯ ನಡುವೆ ಕಣ್ಣು ಮುಚ್ಚುತ್ತಾನೆ. ನಸುಕಿನ ನಾಲ್ಕಕ್ಕೆ ಅವರನ್ನೇ ಕೂರಿಸಿಕೊಂಡು ಹೆದ್ದಾರಿಗೆ ಏರುತ್ತಾನೆ. ಮಕ್ಕಳು ಹಿಂದಿನ ಸೀಟಿನಲ್ಲಿ ನಿದ್ದೆ ಹೋಗಿರುತ್ತವೆ. ಆ ಹೊತ್ತಿನಲ್ಲಿ ಇಡೀ ಮನೆಯ ಜೀವ ನಿಂತಿರುವುದು ರಾತ್ರಿ ಮಲಗದ ಎರಡು ಕಣ್ಣುಗಳ ಮೇಲೆ.

ಹೈದರಾಬಾದಿನ ಕನ್ನಡ ಕುಟುಂಬಗಳಿಗೆ, ಕರ್ನಾಟಕ ಸಾಹಿತ್ಯ ಮಂದಿರದಂಥ ಅಲ್ಲಿನ ಸಂಸ್ಥೆಗಳಿಗೆ, ಬೀದರ್ ಕಲಬುರಗಿಯ ಓದುಗರಿಗೆ ನನ್ನ ವಿನಂತಿ ಇದು. ಈ ಸಲದ ಸಂಕ್ರಾಂತಿಯ ಆಚೀಚೆ ಎರಡು ದಿನ ಬಿಡುವು ಮಾಡಿಕೊಳ್ಳಿ. ತೊಗರಿ ರಾಶಿ ನಡೆದಿರುತ್ತದೆ, ಬೀಜದ ಗಾಡಿಗಳು ಹಳ್ಳಿಗಳಲ್ಲಿರುತ್ತವೆ, ಬಿಸಿಲೂ ಮೆತ್ತಗಿರುತ್ತದೆ. ಜಹೀರಾಬಾದಿನಲ್ಲೋ ಬೀದರಿನಲ್ಲೋ ತಾಂಡೂರಿನಲ್ಲೋ ಹಳದಿ ಬೋರ್ಡಿನ ಕಾರು ಹಿಡಿಯಿರಿ, ಪರ್ಮಿಟ್ ತೋರಿಸಲು ಕೇಳಿ, ಊರು ಬಲ್ಲ ಡ್ರೈವರನ್ನೇ ಕೊಡಿ ಎಂದು ಹೇಳಿ. ದರ ಮಾತಾಡುವಾಗಲೇ ಅವನು ರಾತ್ರಿ ಮಲಗುವ ಕೋಣೆಯ ಬಾಡಿಗೆಯನ್ನೂ ಸೇರಿಸಿ ಮಾತಾಡಿ.